ಈಸೂರಿನ ಬಾಗಿಲ ಹಲಗೆ

ಭೂಮಿ ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ಅಂಬ್ಲಿಗೊಳದ ಏರಿಯ ಮೇಲೆ ಬೆಳಿಗ್ಗೆ ಏಳಕ್ಕೆ ನಿಂತಾಗ ನೀರೆಲ್ಲಿ ಮುಗಿಯಿತು, ಮಂಜೆಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಮಲೆನಾಡು ಬಯಲುಸೀಮೆಗೆ ಕೈ ಕೊಡುವ ಜಾಗ ಇದು. ಅಡಿಕೆ ತೋಟ ಕಂಡ ಕಣ್ಣಿಗೇ ಸ್ವಲ್ಪ ದೂರದಲ್ಲಿ ಮೆಕ್ಕೆಜೋಳದ ಹೊಲ ಕಾಣುತ್ತದೆ. ದಾರಿಯ ಗದ್ದೆಗಳ ಬದುವಿನಲ್ಲಿ ಎಡೆ ಇಟ್ಟ ಬಾಳೆಎಲೆಗಳು ಒಣಗಿ ಸುರುಟಿಕೊಂಡಿದ್ದವು.

ಜೊತೆಗಿದ್ದವನು ತಂಗಿಯ ಮಗ. ಹನ್ನೊಂದು ವರ್ಷ ಹಾಂಗ್‌ಕಾಂಗಿನಲ್ಲಿ ದುಡಿದು ಈ ವರ್ಷ ವಾಪಸಾಗಿದ್ದಾನೆ. ಅಲ್ಲಿನ ಕ್ಯಾಂಟನೀಸ್ ಮಾತು ಅವನಿಗೆ ಬಾಯಿಪಾಠವಲ್ಲ, ಬದುಕಿ ಕಲಿತದ್ದು. ಊರಿಗೆ ಬಂದ ಮೇಲೆ ಅವನು ಮೊದಲಿನಷ್ಟು ಮಾತಾಡುವುದಿಲ್ಲ ಎಂದು ತಂಗಿ ನನ್ನಲ್ಲಿ ಹೇಳಿಕೊಂಡಿದ್ದಳು. ಅದಕ್ಕೇ ಒಂದು ದಿನ ಸುತ್ತಾಡಿಸಿ ತರುತ್ತೇನೆಂದು ಕರೆದುಕೊಂಡು ಹೊರಟಿದ್ದೆ.

"ಮಾವ, ಇಲ್ಲಿ ನೀರು ಬಿಡೋದು, ನಿಲ್ಲಿಸೋದು ಯಾರ ಕೈಲಿದೆ?" ಎಂದ.

"ಇಲಾಖೆಯವರ ಕೈಲಿ. ಹಿಂದೆ ಊರ ಕೆರೆಗೆಲ್ಲ ಒಬ್ಬ ನೀರುಗಂಟಿ ಇರ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಊರವರೇ ಕೂತು ಮಾತಾಡಿ ಅವನಿಗೆ ಹೇಳ್ತಿದ್ರು."

"ಹಾಂಗ್‌ಕಾಂಗಿಗೆ ಬೇಕಾದ ನೀರಿನಲ್ಲಿ ಹೆಚ್ಚಿನ ಪಾಲು ಚೀನಾದ ಡೊಂಗ್‌ಜಿಯಾಂಗ್ ನದಿಯಿಂದ ಬರುತ್ತೆ, 1965ರಿಂದ. ನಲ್ಲಿ ನಮ್ಮದು, ತೂಬು ಅವರದು" ಎಂದ. "ನಮ್ಮದು" ಎಂದದ್ದು ಕೇಳಿ ನನಗೆ ಏನೋ ಆಯಿತು. ಹನ್ನೊಂದು ವರ್ಷ ಒಂದು ಊರಿನ ನೀರು ಕುಡಿದವನು ಹಾಗನ್ನದೆ ಇನ್ನು ಹೇಗೆ ಅನ್ನಬೇಕು?

ಕಾರಿನಲ್ಲಿ ಅವನು ಬಿಡಿಬಿಡಿಯಾಗಿ ಹೇಳುತ್ತ ಹೋದ. ಅಫೀಮಿನ ಯುದ್ಧದಲ್ಲಿ ಸೋತ ಚೀನಾ 1842ರಲ್ಲಿ ಆ ದ್ವೀಪವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟದ್ದು. 1898ರಲ್ಲಿ ಪಕ್ಕದ ನೆಲವನ್ನೂ 99 ವರ್ಷಕ್ಕೆ ಗೇಣಿಗೆ ಕೊಟ್ಟದ್ದು. ಆ ಗೇಣಿ ತೀರುವ ದಿನ ಹತ್ತಿರ ಬಂದಾಗ, 1984ರಲ್ಲಿ, ಎರಡೂ ಸರ್ಕಾರಗಳು ಕೂತು ಕರಾರು ಮಾಡಿಕೊಂಡದ್ದು. ಅದರಂತೆ 1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾಕ್ಕೆ ಮರಳಿತು. ದೇಶ ಒಂದು, ವ್ಯವಸ್ಥೆ ಎರಡು. ತನ್ನದೇ ನ್ಯಾಯಾಲಯ, ತನ್ನದೇ ನಾಣ್ಯ, ತನ್ನದೇ ಶಾಸನಸಭೆ. 50 ವರ್ಷ ಏನೂ ಬದಲಾಗದು ಎಂಬ ಮಾತು. 1999ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಬಿಟ್ಟುಹೋದ ಮಕಾವ್‌ಗೂ ಇಂಥದ್ದೇ ಏರ್ಪಾಡಾಯಿತು.

"50 ವರ್ಷ ಅಂತ ಬರೆದಿದ್ದರು ಮಾವ. 23ನೇ ವರ್ಷಕ್ಕೆ, 2020ರ ಜೂನ್ 30ಕ್ಕೆ, ಬೀಜಿಂಗಿನಲ್ಲೇ ಮಾಡಿದ ರಾಷ್ಟ್ರೀಯ ಭದ್ರತಾ ಕಾನೂನು ಬಂದು ಕೂತಿತು. ನಮ್ಮ ಶಾಸನಸಭೆಯನ್ನು ಕೇಳಲೇ ಇಲ್ಲ."

ಶಿಕಾರಿಪುರ ದಾಟಿ ಶಿರಾಳಕೊಪ್ಪದ ಹಾದಿ ಹಿಡಿದು ಬಳ್ಳಿಗಾವಿಗೆ ಬಂದೆವು. ಈಗಿನ ಈ ಹಳ್ಳಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿತ್ತು ಎಂದರೆ ಬಸ್‌ಸ್ಟಾಂಡಿನಲ್ಲಿ ನಿಂತವರಿಗೆ ನಂಬಲು ಕಷ್ಟ. ಕೇದಾರೇಶ್ವರನ ಮುಂದೆ, ಗಂಡಭೇರುಂಡ ಕಂಬದ ಮುಂದೆ ಎಲ್ಲರೂ ನಿಲ್ಲುವಷ್ಟು ಹೊತ್ತು ನಾವೂ ನಿಂತೆವು. ನನಗೆ ಅವನಿಗೆ ತೋರಿಸಬೇಕಾಗಿದ್ದುದು ಶಿಲ್ಪವಲ್ಲ, ಶಾಸನ. ಇಲ್ಲಿನ ಕಲ್ಲುಗಳನ್ನು ಬಿ. ಎಲ್. ರೈಸ್ ಓದಿ, 1902ರಲ್ಲಿ ಎಪಿಗ್ರಾಫಿಯ ಕರ್ನಾಟಕದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ರಾಜರ ಬಿರುದಾವಳಿ ಮುಗಿದ ಮೇಲೆ ಬರುವ ಸಾಲುಗಳೇ ನನಗೆ ಇಷ್ಟ. ಪಟ್ಟಣಸ್ವಾಮಿ, ನಗರದ ವರ್ತಕರು, ಬ್ರಹ್ಮಪುರಿಗಳ ಮಹಾಜನರು, ಮಠಗಳ ಆಚಾರ್ಯರು ಎಲ್ಲ ಸೇರಿ ತೀರ್ಮಾನಿಸಿ, ತಮ್ಮ ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು ದೇವರಿಗೆ, ಛತ್ರಕ್ಕೆ ಬಿಟ್ಟರು ಎಂಬಂಥ ಸಾಲುಗಳು ಅವು. ಕೋಡಿಯ ಮಠದ 1162ರ ಶಾಸನ ಅಲ್ಲಿ ವಿದ್ಯೆ ಕೊಟ್ಟದ್ದನ್ನು, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಟ್ಟದ್ದನ್ನು ಹೇಳುತ್ತದೆ. ಚಕ್ರವರ್ತಿ ಕಲ್ಯಾಣದಲ್ಲಿದ್ದ. ಊರು ತನ್ನ ಸಂಸಾರವನ್ನು ತಾನು ನೋಡಿಕೊಳ್ಳುತ್ತಿತ್ತು.

ಹಾಗೆಂದು ಅದನ್ನು ಪ್ರಜಾಪ್ರಭುತ್ವ ಎಂದು ಕರೆದು ಬೀಗಲು ನಾನು ಒಪ್ಪುವುದಿಲ್ಲ. ಆ ಸಭೆಯಲ್ಲಿ ಕೂತವರು ಉಳ್ಳವರು. ಹೊಲದಲ್ಲಿ ಬಗ್ಗಿದವರನ್ನು ಯಾರೂ ಕೇಳಲಿಲ್ಲ. ಆದರೂ, ತನ್ನ ಮೇಲಿನ ತೆರಿಗೆಯನ್ನು ತಾನೇ ಗೊತ್ತು ಮಾಡುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ.

ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಕತೆ ಹೇಳಿದಾಗ ಅವನು ಬೋರ್ನಿಯೋದ ಕೊಂಗ್ಸಿಗಳನ್ನು ನೆನಪಿಸಿದ. ದಕ್ಷಿಣ ಚೀನಾದಿಂದ ಚಿನ್ನ ಅಗೆಯಲು ಹೋದ ಹಕ್ಕಾ ಭಾಷೆಯ ಕೂಲಿಗಳು ಪಾಲು ಹಾಕಿ ಕಟ್ಟಿಕೊಂಡ ಸಂಘಗಳು ಅವು. ಲುವೋ ಫಾಂಗ್ಬೋ ಎಂಬಾತ 1777ರಲ್ಲಿ ಕಟ್ಟಿದ ಲಾನ್‌ಫಾಂಗ್ ಕೊಂಗ್ಸಿ ತನ್ನ ಮುಖಂಡನನ್ನು ತಾನೇ ಆರಿಸಿಕೊಂಡು, ವ್ಯಾಜ್ಯ ತೀರಿಸಿಕೊಂಡು, ನೂರು ವರ್ಷಕ್ಕೂ ಮಿಕ್ಕಿ ಬಾಳಿತು. 1884ರಲ್ಲಿ ಡಚ್ಚರು ಅದನ್ನು ಮುಗಿಸಿದರು. ರಾಜನಿಲ್ಲದೆ ಬಾಳಿದ ಚೀನೀ ಮಾತಿನ ಆ ನೆಲದ ಕತೆಯನ್ನು ಬಳ್ಳಿಗಾವಿಯ ಕಲ್ಲುಗಳ ನಡುವೆ ಕೇಳಿದ್ದು ನನಗೆ ಬಹಳ ಹಿತವಾಯಿತು.

ತಾಳಗುಂದ ಪಕ್ಕದಲ್ಲೇ ಇದೆ. ಪ್ರಣವೇಶ್ವರನ ಗುಡಿಯ ಮುಂದಿನ ಕಂಬಕ್ಕೆ ಕೈ ಮುಗಿದು ಹೆಚ್ಚು ಹೊತ್ತು ಕೂರದೆ ಹೊರಟೆವು. ಮಯೂರಶರ್ಮ ಕಂಚಿಯಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ದರ್ಭೆ ಬಿಟ್ಟು ಕತ್ತಿ ಹಿಡಿದದ್ದು, ಕಾಡಿನಲ್ಲಿ ಕೂತು ಕಾಡಿದ ಅವನಿಗೆ ಕೊನೆಗೆ ಪಲ್ಲವರೇ ಪಟ್ಟ ಕಟ್ಟಿ ನೆಲ ಒಪ್ಪಿಸಿದ್ದು, ಎಲ್ಲವೂ ಆ ಕಂಬದ ಮೇಲಿದೆ. ಆದರೆ ಕಂಬ ನೆಟ್ಟದ್ದು ಆ ಕತೆಗಲ್ಲ, ಅವನ ವಂಶದ ಕಾಕುಸ್ಥವರ್ಮ ತೋಡಿಸಿದ ಒಂದು ಕೆರೆಯ ನೆನಪಿಗೆ. ಅದನ್ನು ಹೇಳಿದಾಗ ಅವನು ಅಂಬ್ಲಿಗೊಳ ಬಿಟ್ಟ ಮೇಲೆ ಮೊದಲ ಸಲ ನಕ್ಕ.

ಈಸೂರಿಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು.

ಈಸೂರಿನ ಕತೆಗೆ ಮೈಸೂರಿನ ಕತೆ ಗೊತ್ತಿರಬೇಕು. ದಿವಾನ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕರೆದರು. ಸಂಸ್ಥಾನಗಳಲ್ಲೇ ಅದು ಮೊದಲನೆಯದು ಎಂದು ನಾವು ಹೆಮ್ಮೆಯಿಂದ ಓದಿದವರು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಸಭೆ ಕೇಳಬಹುದು, ಬೇಡಬಹುದು, ಚರ್ಚಿಸಬಹುದು, ದಿವಾನರನ್ನು ಇಳಿಸುವಂತಿಲ್ಲ. ಅರವತ್ತು ವರ್ಷ ಹೀಗೇ ನಡೆಯಿತು. ಕಾಂಗ್ರೆಸ್ಸು ಕೇಳಿದ್ದು ಒಂದೇ: ಜವಾಬ್ದಾರಿ ಸರ್ಕಾರ. ಅಂದರೆ, ಆಳುವವನು ಜನರ ಸಭೆಗೆ ಉತ್ತರ ಹೇಳಬೇಕು.

ಇದನ್ನು ಹೇಳುತ್ತಿದ್ದಂತೆ ಅವನು ನನ್ನ ತೋಳು ಹಿಡಿದ. "ಮಾವ, ಇದೇ! ಅಲ್ಲಿಯೂ ಇದೇ!" 2021ರಲ್ಲಿ ಹಾಂಗ್‌ಕಾಂಗಿನ ಶಾಸನಸಭೆಯನ್ನು 90 ಸ್ಥಾನಕ್ಕೆ ಹಿಗ್ಗಿಸಿದರು. ಜನ ನೇರವಾಗಿ ಆರಿಸುವುದು ಅದರಲ್ಲಿ 20 ಮಾತ್ರ. ಮುಖ್ಯಾಡಳಿತಗಾರನನ್ನು ಆರಿಸುವುದು 1,500 ಮಂದಿಯ ಒಂದು ಸಮಿತಿ. 2019ರ ನವೆಂಬರಿನಲ್ಲಿ ಜಿಲ್ಲಾ ಮಂಡಳಿಗಳಿಗೆ ಚುನಾವಣೆ ನಡೆದಾಗ ನೂರಕ್ಕೆ 71 ಮಂದಿ ಸಾಲಿನಲ್ಲಿ ನಿಂತು ಮತ ಹಾಕಿದ್ದರು. 2021ರ ಡಿಸೆಂಬರಿನಲ್ಲಿ ಹೊಸ ನಿಯಮದ ಶಾಸನಸಭೆಗೆ ಬಂದವರು ನೂರಕ್ಕೆ 30. "ಮನೆಯಲ್ಲೇ ಕೂತು ಹೇಳಬೇಕಾದ್ದನ್ನು ಹೇಳಿದರು" ಎಂದ. ತೈವಾನ್ ಇನ್ನೊಂದು ದಾರಿ ಹಿಡಿಯಿತು ಎಂದೂ ಹೇಳಿದ. ಅಲ್ಲಿ 1949ರಿಂದ 1987ರವರೆಗೆ 38 ವರ್ಷ ಸೇನಾ ಕಾನೂನು ಇತ್ತು. 1996ರಲ್ಲಿ ಜನ ಮೊದಲ ಸಲ ತಮ್ಮ ಅಧ್ಯಕ್ಷರನ್ನು ತಾವೇ ಆರಿಸಿದರು.

ವೀರಭದ್ರೇಶ್ವರನ ಗುಡಿಯ ಹತ್ತಿರ ನಿಂತು ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. 1942ರ ಕ್ವಿಟ್ ಇಂಡಿಯಾ ಕರೆ ಈ ಊರಿಗೂ ಮುಟ್ಟಿತು. ಸೆಪ್ಟೆಂಬರಿನಲ್ಲಿ ಊರವರು ಈ ಗುಡಿಯ ಮೇಲೆ ಬಾವುಟ ಏರಿಸಿದರು. ಕಂದಾಯ ಕೊಡುವುದಿಲ್ಲ ಎಂದರು. ಬೇಜವಾಬ್ದಾರಿ ಸರ್ಕಾರದ ನೌಕರರಿಗೆ ಇಲ್ಲಿ ಪ್ರವೇಶವಿಲ್ಲ ಎಂದು ಹಲಗೆ ಬರೆದು ಊರ ಬಾಗಿಲಿಗೆ ಹಾಕಿದರು. ಆಮೇಲೆ ತಮ್ಮದೇ ಸರ್ಕಾರ ರಚಿಸಿದರು. ಹನ್ನೆರಡರ ಆಸುಪಾಸಿನ ಹುಡುಗ ಜಯಣ್ಣ ಅಮಲ್ದಾರ. ಅವನಂಥದ್ದೇ ಹುಡುಗ ಮಲ್ಲಪ್ಪ ಸಬ್ ಇನ್ಸ್‌ಪೆಕ್ಟರ್. ಕಾನೂನಿಗೆ ಮಕ್ಕಳನ್ನು ಹಿಡಿದು ಜೈಲಿಗೆ ಹಾಕಲಾಗದು ಎಂಬ ಲೆಕ್ಕ ಅದರ ಹಿಂದಿತ್ತು. ಏಸೂರ ಕೊಟ್ಟರೂ ಈಸೂರ ಕೊಡೆವು ಎಂಬ ಮಾತು ಹುಟ್ಟಿದ್ದು ಆಗ.

ಆ ಸರ್ಕಾರದ ಆಯಸ್ಸು ಕೆಲವೇ ದಿನ. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಬಂದರು. ಜಟಾಪಟಿಯಾಯಿತು, ಲಾಠಿ ಬೀಸಿತು, ಸಿಟ್ಟೆದ್ದ ಜನರ ಕೈಯಲ್ಲಿ ಅವರಿಬ್ಬರೂ ಸತ್ತರು. ಅವರು ಬಿಳಿಯರಲ್ಲ, ನಮ್ಮಂಥ ಮನೆಗಳಿಂದಲೇ ನೌಕರಿಗೆ ಹೋದವರು. ಈಸೂರಿನ ಕತೆ ಹೇಳುವಾಗ ಇದನ್ನು ಬಿಟ್ಟು ಹೇಳುವವರಿದ್ದಾರೆ. ಬಿಡಬಾರದು. ಆ ಎರಡು ಸಾವಿನ ಭಾರ ಹೊತ್ತುಕೊಂಡೇ ಈ ಊರು ದೊಡ್ಡದು.

ಆಮೇಲೆ ಸೈನ್ಯ ಬಂತು. ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು. ವಿಚಾರಣೆ ನಡೆದು, 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಈ ಮಲ್ಲಪ್ಪ ಬೇರೆ, ಆ ಹುಡುಗನಲ್ಲ. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. ಅವರು ಕೇಳಿದ ಜವಾಬ್ದಾರಿ ಸರ್ಕಾರ ಮೈಸೂರಿಗೆ ಬಂದದ್ದು 1947ರ ಅಕ್ಟೋಬರಿನಲ್ಲಿ, ಮೈಸೂರು ಚಲೋ ಚಳವಳಿ ಆದ ಮೇಲೆ, ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ.

"ಈ ಊರು ಬಾವುಟ ಏರಿಸಿದಾಗ ಹಾಂಗ್‌ಕಾಂಗ್ ಜಪಾನಿನ ಕೈಲಿತ್ತು" ಎಂದು ಅವನು ಮೆಲ್ಲಗೆ ಹೇಳಿ, ಹುತಾತ್ಮರ ಸ್ಮಾರಕದ ಮುಂದೆ ಚಪ್ಪಲಿ ಬಿಟ್ಟು ನಿಂತ. ಐದು ಹೆಸರನ್ನೂ ಬಾಯಲ್ಲೇ ಹೇಳಿಕೊಂಡ. ಆಮೇಲೆ ಫೋಟೋ ತೆಗೆದು, ಈಗ ಹಾಂಗ್‌ಕಾಂಗ್ ಬಿಟ್ಟು ತೈಪೆಯಲ್ಲಿರುವ ಗೆಳೆಯನೊಬ್ಬನಿಗೆ ಕಳಿಸಿದ. ಗುಡಿಯ ಕಟ್ಟೆಯ ಮೇಲೆ ಕೂತೆವು. ಯಾರೋ ಬೈಕಿನ ಮೇಲೆ ಅಡಿಕೆ ಗೊನೆ ಹೇರಿಕೊಂಡು ಹೋದರು. ಶಾಲೆ ಬಿಟ್ಟ ಮಕ್ಕಳು ಚೀಲ ಬಡಿದಾಡುತ್ತ ನಮ್ಮ ಮುಂದೆಯೇ ಓಡಿದರು. ಅವರಲ್ಲಿ ಮೂರು ನಾಲ್ಕು ಮಂದಿ ಅಮಲ್ದಾರನ ವಯಸ್ಸಿನವರು.

ಫೋನು ಮಿಣುಕಿತು. ಗೆಳೆಯ ಒಂದೇ ಪ್ರಶ್ನೆ ಕೇಳಿದ್ದ: ಆ ಹಲಗೆಯ ಮೇಲೆ ಏನು ಬರೆದಿದ್ದರು?

ಟೈಪು ಮಾಡಲು ಹೋಗಿ ಅವನು ಬಿಟ್ಟ. "ಬೇಜವಾಬ್ದಾರಿ ಅನ್ನೋದಕ್ಕೆ ಸರಿಯಾದ ಮಾತು ಹುಡುಕಬೇಕು ಮಾವ" ಎಂದು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಫೋನನ್ನು ಬಾಯಿ ಹತ್ತಿರ ಹಿಡಿದು, ಹಲಗೆಯ ಆ ಮಾತನ್ನು ಕ್ಯಾಂಟನೀಸಿನಲ್ಲಿ ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಹೇಳಿದ. ಕಟ್ಟೆಯ ಆ ಕೊನೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಹಿರಿಯರೊಬ್ಬರು ಕೈ ತಡೆದು ನಮ್ಮ ಕಡೆ ತಿರುಗಿದರು.

"ಏನಪ್ಪ ಅದು, ಯಾವ ಭಾಷೆ?"

"ನಿಮ್ಮೂರ ಮಾತೇ ಅಜ್ಜ" ಎಂದ ಅವನು, "ಬೇರೆ ಭಾಷೆಯಲ್ಲಿ."