ನಾಲ್ಕನೆಯ ಸ್ಥಾನ

ಶುಕ್ರವಾರ ಮಧ್ಯಾಹ್ನದ ಊಟಕ್ಕೆ ನನ್ನ ಮೈದುನ ನಮ್ಮ ಮನೆಗೆ ಬರುವುದು ವಾಡಿಕೆ. ಊಟ ಮುಗಿದರೂ ಅಣ್ಣ ತಮ್ಮ ಇಬ್ಬರೂ ಏಳುವುದಿಲ್ಲ. ಎಂಜಲು ಕೈ ಒಣಗಿದರೂ ವಾದ ನಿಲ್ಲುವುದಿಲ್ಲ. ಆಸ್ತಿಯ ವಿಷಯವೋ, ರಾಜಕೀಯವೋ ಎಂದುಕೊಳ್ಳಬೇಡಿ. ದೂರದ ಓಟದಲ್ಲಿ ಇಥಿಯೋಪಿಯಾದ ಕೆನೆನಿಸಾ ಬೆಕೆಲೆ ದೊಡ್ಡವನೋ, ಬ್ರಿಟನ್ನಿನ ಮೊ ಫರಾ ದೊಡ್ಡವನೋ ಎಂಬುದೇ ಅವರ ಜಗಳ! 2012ರ ಲಂಡನ್ ಒಲಿಂಪಿಕ್ಸ್ ಸಮಯದಲ್ಲಿ ಶುರುವಾದದ್ದು ಇಂದಿಗೂ ಮುಗಿದಿಲ್ಲ.

ಮೈದುನ ಕೆನೆನಿಸಾ ಪರ. ಅವನದು ಗಡಿಯಾರದ ಲೆಕ್ಕ. ಕೆನೆನಿಸಾ 2004ರಲ್ಲಿ ಐದು ಸಾವಿರ ಮೀಟರನ್ನು 12 ನಿಮಿಷ 37.35 ಸೆಕೆಂಡುಗಳಲ್ಲಿ, 2005ರಲ್ಲಿ ಹತ್ತು ಸಾವಿರ ಮೀಟರನ್ನು 26 ನಿಮಿಷ 17.53 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದರು. 2020ರಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೈ ಬರುವವರೆಗೆ ಆ ಎರಡೂ ದಾಖಲೆಗಳನ್ನು ಯಾರೂ ಮುರಿಯಲಿಲ್ಲ.

"ಹತ್ತು ಸಾವಿರ ಮೀಟರಿನಲ್ಲಿ ಫರಾನ ಅತ್ಯುತ್ತಮ ಸಮಯ 26 ನಿಮಿಷ 46.57 ಸೆಕೆಂಡು. ಅಂದರೆ ಕೆನೆನಿಸಾ ಗುರಿ ಮುಟ್ಟಿದಾಗ ಫರಾ ಇನ್ನೂ ಹೆಚ್ಚು ಕಡಿಮೆ ಅರ್ಧ ಸುತ್ತು ಹಿಂದೆ" ಎನ್ನುತ್ತಾನೆ ಮೈದುನ.

ನಮ್ಮವರದು ಪದಕದ ಲೆಕ್ಕ. ಫರಾ 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಈ ಎರಡೂ ಓಟಗಳ ಚಿನ್ನ ಗೆದ್ದರು. ರಿಯೋದಲ್ಲಿ ಹತ್ತು ಸಾವಿರ ಮೀಟರ್ ಓಡುವಾಗ ನಡುವೆ ಬಿದ್ದರು, ಎದ್ದು ಓಡಿ ಗೆದ್ದರು. ಬಾಲ್ಯದಲ್ಲಿ ತನ್ನನ್ನು ಬೇರೊಂದು ಮಗುವಿನ ಹೆಸರಿನಲ್ಲಿ ಬ್ರಿಟನ್ನಿಗೆ ಸಾಗಿಸಿ ಮನೆಗೆಲಸಕ್ಕೆ ಹಚ್ಚಿದ್ದರು ಎಂದು 2022ರಲ್ಲಿ ಅವರೇ ಹೇಳಿಕೊಂಡ ಮೇಲಂತೂ ನಮ್ಮವರ ಅಭಿಮಾನ ಇಮ್ಮಡಿಯಾಯಿತು.

ತಟ್ಟೆ ಎತ್ತುತ್ತಾ, ನೀರು ಕೊಡುತ್ತಾ ಇಷ್ಟೆಲ್ಲ ನನಗೂ ಬಾಯಿಪಾಠವಾಗಿದೆ. ದಾಖಲೆಗೆಂದೇ ನಡೆಯುವ ಓಟದಲ್ಲಿ ವೇಗ ಕಾಯ್ದುಕೊಡಲು ಒಂದಿಬ್ಬರು ಮುಂದೆ ಓಡಿ, ಮಧ್ಯದಲ್ಲೇ ಬದಿಗೆ ಸರಿಯುತ್ತಾರಂತೆ. ಒಲಿಂಪಿಕ್ಸ್‌ನಲ್ಲಿ ಆ ಸಹಾಯವಿಲ್ಲ. ಅಲ್ಲಿ ಅನೇಕ ಸಲ ಒಬ್ಬರನ್ನೊಬ್ಬರು ಗಮನಿಸುತ್ತಾ ನಿಧಾನವಾಗಿ ಓಡಿ, ಕೊನೆಯ ಸುತ್ತಿನಲ್ಲಿ ಶಕ್ತಿಯನ್ನೆಲ್ಲ ಸುರಿಯುತ್ತಾರೆ. ಲಂಡನ್ನಿನಲ್ಲಿ ಫರಾ ಚಿನ್ನ ಗೆದ್ದದ್ದು 27 ನಿಮಿಷ 30.42 ಸೆಕೆಂಡುಗಳಲ್ಲಿ. ದಾಖಲೆಗಿಂತ ಒಂದು ನಿಮಿಷಕ್ಕೂ ಹೆಚ್ಚು ನಿಧಾನ! ಹಾಗಾದರೆ ಇಬ್ಬರೂ ಅಳೆಯುತ್ತಿರುವುದು ಬೇರೆ ಬೇರೆ ವಸ್ತುವನ್ನೇ ಅಲ್ಲವೇ? ಒಬ್ಬರದು ತಕ್ಕಡಿ, ಇನ್ನೊಬ್ಬರದು ಅಳತೆಪಟ್ಟಿ.

ವಾದದಲ್ಲಿ ಸೋಲುವಂತಾದಾಗ ನಮ್ಮವರು ಬಳಸುವ ಕೊನೆಯ ಅಸ್ತ್ರವೊಂದಿದೆ. "ಲಂಡನ್ನಿನ ಹತ್ತು ಸಾವಿರ ಮೀಟರಿನಲ್ಲಿ ನಿನ್ನ ದಾಖಲೆವೀರ ಎಷ್ಟನೆಯವನಾಗಿ ಬಂದ? ನಾಲ್ಕನೆಯವನು! ಅವನ ತಮ್ಮ ತಾರಿಕು ಕೂಡಾ ಅವನಿಗಿಂತ ಮುಂದೆ, ಮೂರನೆಯವನು." ಇದು ನಿಜ. ಅದಕ್ಕೆ ಮೈದುನನ ಬಳಿ ಉತ್ತರವಿರುತ್ತಿರಲಿಲ್ಲ.

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗಳು ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಮೂರು ಸಾವಿರ ಮೀಟರ್ ಓಡಿದಳು. ಮೊದಲ ಇಬ್ಬರಿಗೆ ಮಾತ್ರ ಜಿಲ್ಲಾ ಮಟ್ಟಕ್ಕೆ ಅವಕಾಶ. ಇವಳು ನಾಲ್ಕನೆಯವಳಾದಳು. ಸಂಜೆ ಮನೆಗೆ ಬಂದಾಗ ಅವಳ ಅಬ್ಬಾ ಕೇಳಿದ್ದು ಒಂದೇ ಮಾತು: "ಪದಕ ಇಲ್ಲವಾ?" ನಾನೂ, "ಹೋಗಲಿ ಬಿಡು, ಇನ್ನಾದರೂ ಓದಿನ ಕಡೆ ಗಮನ ಕೊಡು" ಎಂದೆ. ಅವಳು ಏನೂ ಹೇಳದೆ ಶೂಗಳನ್ನು ಒರೆಸಿ ಅಟ್ಟದ ಮೇಲಿಟ್ಟಳು.

ಮರುದಿನ ಶುಕ್ರವಾರ. ಎಂದಿನಂತೆ ಮೈದುನ ಬಂದ, ವಾದ ಏರಿತು. ನಮ್ಮವರು ಎಂದಿನಂತೆ ಕೊನೆಯ ಅಸ್ತ್ರ ಎತ್ತಿ, "ನಾಲ್ಕನೆಯ ಸ್ಥಾನ!" ಎಂದು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲನೆ ಕೇಳಿದಳು:

"ಅಬ್ಬಾ, ನಾಲ್ಕನೆಯವರು ಓಡಿರುವುದೇ ಇಲ್ಲವಾ?"

ಯಾರೂ ಮಾತಾಡಲಿಲ್ಲ. ಕಡೆಗೆ ಮೈದುನ, "ನಿನ್ನ ಟೈಮ್ ಎಷ್ಟು ಬೇಟಿ?" ಎಂದು ಕೇಳಿದ.

"12 ನಿಮಿಷ 51 ಸೆಕೆಂಡು, ಚಾಚಾ. ಹೋದ ವರ್ಷ 13 ನಿಮಿಷ 38 ಇತ್ತು."

ಒಂದು ವರ್ಷದಲ್ಲಿ 47 ಸೆಕೆಂಡು! ಬೆಳಗಿನ ಜಾವ ಎದ್ದು ಅವಳು ಓಡಲು ಹೋಗುತ್ತಿದ್ದುದನ್ನು ದಿನವೂ ನೋಡಿದವಳು ನಾನು. ಆ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ?

ಅಂದು ಮೈದುನ ಜಗಳ ಮಾಡಲಿಲ್ಲ. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಎಂಬ ಓಟಗಾರರ ವಿಷಯ ಹೇಳಿದ. 1960ರ ದಶಕದಲ್ಲಿ ಹದಿನೇಳು ವಿಶ್ವದಾಖಲೆ ಮಾಡಿದ ಅವರಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಒಂದೇ ಒಂದು ಕಂಚು. ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದವರು. 1966ರಲ್ಲಿ ಕ್ಲಾರ್ಕ್ ಪ್ರಾಗ್‌ಗೆ ಬಂದು ಹಿಂದಿರುಗುವಾಗ ಝಾಟೊಪೆಕ್ ಅವರ ಕೈಗೆ ಒಂದು ಪುಟ್ಟ ಪೊಟ್ಟಣ ಕೊಟ್ಟರು. ಆಮೇಲೆ ಬಿಚ್ಚಿ ನೋಡಿದರೆ ಒಳಗಿದ್ದದ್ದು ಆ ಹೆಲ್ಸಿಂಕಿಯ ಚಿನ್ನದ ಪದಕಗಳಲ್ಲೊಂದು! ಪದಕ ಗೆದ್ದವರಿಗೇ ಗೊತ್ತಿತ್ತು, ಪದಕ ಇಲ್ಲದವರ ಓಟದ ಬೆಲೆ.

"ಭಾಯಿಜಾನ್, ಆ ನಾಲ್ಕನೆಯವನೂ ಅಲ್ಲಿಗೇ ನಿಲ್ಲಲಿಲ್ಲ. ಏಳು ವರ್ಷದ ನಂತರ, 2019ರಲ್ಲಿ, ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 41 ಸೆಕೆಂಡಿನಲ್ಲಿ ಗೆದ್ದ. ಆಗಿನ ವಿಶ್ವದಾಖಲೆಗೆ ಎರಡೇ ಸೆಕೆಂಡು ಕಡಿಮೆ ಬಿತ್ತು" ಎಂದು ಮೈದುನ ಮಾತು ಮುಗಿಸಿದ.

ನಮ್ಮವರು ಏನೂ ಹೇಳದೆ ಎದ್ದು ಕೈ ತೊಳೆದುಕೊಂಡರು. ಸಂಜೆ ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಶೂ ಇಳಿಸುತ್ತಿದ್ದುದನ್ನು ನಾನು ನೋಡಿದೆ. ಮರುದಿನ ಬೆಳಿಗ್ಗೆ ಮೈದಾನಕ್ಕೆ ಮಗಳ ಜೊತೆ ಅವರೂ ಹೊರಟರು, ಕೈಯಲ್ಲಿ ಮೊಬೈಲ್ ಹಿಡಿದು, ಟೈಮ್ ನೋಡಲು.

ಜಗಳ ಮುಗಿದಿದೆ ಎಂದುಕೊಳ್ಳಬೇಡಿ. ಈಗಲೂ ಶುಕ್ರವಾರ ಎಂಜಲು ಕೈ ಒಣಗುತ್ತದೆ. ಆದರೆ 'ನಾಲ್ಕನೆಯ ಸ್ಥಾನ'ದ ಮಾತನ್ನು ಮಾತ್ರ ನಮ್ಮವರು ಮತ್ತೆ ಎತ್ತಿಲ್ಲ. ಮಗಳು ಶಾಲೆಯಿಂದ ಅಂಕಪಟ್ಟಿ ತಂದರೆ ನಾನೂ ಈಗ ಮೊದಲು ಕೇಳುವುದು, ಎಷ್ಟನೆಯವಳು ಎಂದಲ್ಲ. ಹೋದ ಸಲ ಎಷ್ಟಿತ್ತು ಎಂದು.