ಹಾಸಿಗೆ ಹಿಡಿದ ಮಕ್ಕಳ ಹಾಜರಿ

ಪ್ರಿಯ ಗೆಳೆಯಾ,

ದೇವದುರ್ಗದಿಂದ ಬರೆದ ನಿನ್ನ ಪತ್ರ ಕೈಸೇರಿತು. ನಿನ್ನ ಶಾಲೆಯ ಒಂಬತ್ತನೇ ತರಗತಿಯ ಹುಡುಗ ಬೈಕಿನಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡಿದ್ದಾನೆ, ಮನೆಯವರು "ಮೊದ್ಲ ಆರಾಮಾಗ್ಲಿ, ಸಾಲಿ ಆಮ್ಯಾಲ ನೋಡಮು" ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀಯ. ಆ ಮಾತು ಹುಟ್ಟಿದ್ದು ಕರುಳಿನಿಂದಲೇ, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ನಮ್ಮ ಸೀಮೆಯಲ್ಲಿ ಆ "ಆಮ್ಯಾಲ" ಬರುವುದರೊಳಗೆ ಹತ್ತಿ ಬಿಡಿಸುವ ಹಂಗಾಮು ಬಂದಿರುತ್ತದೆ, ಇಲ್ಲವೇ ಬೆಂಗಳೂರಿಗೆ ಗುಳೆ ಹೊರಡುವ ದಿನ. ಕಾಲು ಕೂಡಿದ ಹುಡುಗ ನೆಟ್ಟಗೆ ದುಡಿಮೆಗೆ ನಡೆಯುತ್ತಾನೆ.

ಮಾನ್ವಿಯ ಅಪಘಾತ ನಿನಗೆ ನೆನಪಿರಬೇಕು. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಕಪಗಲ್ ಹತ್ತಿರ ಶಾಲೆಯ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು, ಕೆಲವರು ಕಾಲು ಕಳೆದುಕೊಂಡರು. ಪರಿಹಾರದ ಮಾತನ್ನು ಎಲ್ಲರೂ ಆಡಿದರು. ಆದರೆ ಬೆಳೆಯುವ ಮಗುವಿಗೆ ಕೃತಕ ಕಾಲನ್ನು ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ. ಮೈ ಬೆಳೆದಂತೆಲ್ಲ ಅಳತೆ ಬದಲಿಸಬೇಕು, ಬದಲಿಸಿದಾಗಲೆಲ್ಲ ಮತ್ತೆ ನಡೆಯಲು ಕಲಿಯಬೇಕು, ಆ ದಿನಗಳಲ್ಲೆಲ್ಲ ಪಾಠ ತಪ್ಪುತ್ತದೆ. ಆ ಲೆಕ್ಕ ಯಾವ ಪರಿಹಾರದ ಚೆಕ್ಕಿನಲ್ಲೂ ಇರುವುದಿಲ್ಲ.

ಅಂಥ ಮಕ್ಕಳಿಗೆ ಕಾನೂನಿನ ಆಸರೆಯಾದರೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯಿಂದ ತೀವ್ರ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲೇ ಕಲಿಯಬಹುದು. ನನಗೆ ಚಿಂತೆ ಇರುವುದು ನಿನ್ನ ಹುಡುಗನಂಥವರದು. ಆರು ತಿಂಗಳಲ್ಲಿ ಎಲುಬು ಕೂಡುತ್ತದೆ, ಹಾಗಾಗಿ ಅವನು ಅಂಗವಿಕಲನಲ್ಲ; ಮಂಚದಿಂದ ಏಳಲಾರ, ಹಾಗಾಗಿ ವಿದ್ಯಾರ್ಥಿಯೂ ಅಲ್ಲ. ಕ್ಷಯದ ಗುಳಿಗೆ ನುಂಗುತ್ತಿರುವ ಹುಡುಗಿ, ರಕ್ತದ ಕ್ಯಾನ್ಸರಿಗೆ ನಾನೂರು ಕಿಲೋಮೀಟರ್ ದಾಟಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಎಡತಾಕುವ ಹುಡುಗ, ಇವರ ಪಾಡೂ ಅದೇ. ಹಾಜರಿ ಪುಸ್ತಕದಲ್ಲಿ ಇವರೆಲ್ಲ ಬರೀ ಗೈರು. ಇಂಗ್ಲೆಂಡಿನಲ್ಲಿ ಮಗು ಕಾಯಿಲೆಯಿಂದ 15 ದಿನ ಅಥವಾ ಹೆಚ್ಚು ಶಾಲೆ ತಪ್ಪಿಸುವುದು ಖಚಿತವಾದರೆ ಪಾಠದ ಏರ್ಪಾಡು ಸ್ಥಳೀಯ ಆಡಳಿತದ ಹೊಣೆ. ನಮ್ಮಲ್ಲಿ ಅದು ನಿನ್ನಂಥ ಮೇಷ್ಟ್ರ ಒಳ್ಳೆಯತನಕ್ಕೆ ಬಿಟ್ಟ ಬಾಬತ್ತು.

ಹಾಗಾಗಿ ನಿನಗೇ ಹೇಳುತ್ತೇನೆ. ಅವನ ಮನೆಗೆ ಎಲ್ಲ ವಿಷಯಗಳನ್ನೂ ಹೊತ್ತುಕೊಂಡು ಹೋಗಬೇಡ; ಗಣಿತವೊಂದನ್ನು ಹಿಡಿ. ಸಮಾಜದ ಪಾಠ ತಪ್ಪಿದರೆ ಆಮೇಲೆ ಓದಿಕೊಳ್ಳಬಹುದು, ಬೀಜಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದವನು ಮುಂದಿನದಕ್ಕೆ ಕಾಲಿಡಲಾರ. ಅರ್ಧ ತಾಸು ಸಾಕು. ತಲೆಗೂ ಪೆಟ್ಟು ಬಿದ್ದಿದ್ದರೆ ಅಷ್ಟೂ ಬೇಡ, ವೈದ್ಯರನ್ನು ಕೇಳಿ ಮುಂದುವರಿ. ಅಂಥವರಿಗೆ ಬೇಗ ದಣಿವಾಗುತ್ತದೆ, ನಿನ್ನೆ ಬಂದದ್ದು ಇವತ್ತು ಮರೆಯುತ್ತದೆ. ಅದನ್ನು ಮೈಗಳ್ಳತನ ಅಂದುಕೊಳ್ಳುವ ಮೇಷ್ಟ್ರು ನಮ್ಮಲ್ಲಿ ಬೇಕಾದಷ್ಟು ಮಂದಿ. ನೋಟ್ಸ್ ಒಯ್ಯುವ ಕೆಲಸ ಗೆಳೆಯರಿಗಿರಲಿ. ಅವರು ನೋಟ್ಸಿನ ಜೊತೆ ಊರ ಹರಟೆಯನ್ನೂ ಒಯ್ಯುತ್ತಾರೆ. ಹುಡುಗ ಕಾಯುವುದು ಅದಕ್ಕೇ.

ಅವನು ಮರಳುವ ಮುಂಚೆ ಶಾಲೆಯ ಶೌಚಾಲಯಕ್ಕೆ ಹೋಗಿ ನೋಡು. ಊರುಗೋಲು ಹಿಡಿದವನು ಕುಕ್ಕುರುಗಾಲಲ್ಲಿ ಕೂರಬಲ್ಲನೇ? ಈ ನಾಚಿಕೆಗೆ ಶಾಲೆ ಬಿಟ್ಟವರು ಬಾಯಿಬಿಟ್ಟು ಕಾರಣ ಹೇಳುವುದಿಲ್ಲ. ತರಗತಿ ಮಾಳಿಗೆ ಮೇಲಿದ್ದರೆ ಕೆಳಗಿಳಿಸಲು ಈಗಲೇ ಮುಖ್ಯೋಪಾಧ್ಯಾಯರ ಬೆನ್ನುಬೀಳು. ಮೊದಲ ವಾರಗಳಲ್ಲಿ ಅರ್ಧ ದಿನ ಬಂದರೂ ಸಾಕು.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಕೇಳುತ್ತಾರೆ, ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡಲು ಮನೆಯವರಿಗೆ ಹೇಳು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಕೂರಲು ಅವಕಾಶವಿದೆ ಎನ್ನುವುದನ್ನೂ ಅವರ ಕಿವಿಗೆ ಹಾಕು.

ಅಪ್ಪನೊಂದಿಗೆ ವಾದಕ್ಕಿಳಿಯಬೇಡ. ಹುಡುಗನ ಮುಂದೆ ಒಂದು ಲೆಕ್ಕ ಇಟ್ಟು ಸುಮ್ಮನೆ ಕೂಡು, ಚಹಾ ಕೊಟ್ಟರೆ ಕುಡಿ. ಏನಾಯಿತೆಂದು ಬರಿ.

ನಿನ್ನ,
ರಾಯಚೂರಿನ ಗೆಳೆಯ