ಮೊಗಸಾಲೆಗಳ ಊರಿನಲ್ಲಿ ವಿದ್ಯಾರ್ಥಿಗಳ ಸಂಜೆ

ಉತ್ತರ ಇಟಲಿಯ ಬೊಲೊನ್ಯಾ ನಗರವನ್ನು ಅಲ್ಲಿಯ ಜನ ಮೂರು ಹೆಸರುಗಳಿಂದ ಕೊಂಡಾಡುತ್ತಾರೆ: ವಿದ್ಯಾವಂತೆ, ಮೈತುಂಬಿದವಳು, ಕೆಂಪಗಿನವಳು. ಮೊದಲನೆಯದು ಅಲ್ಲಿನ ವಿಶ್ವವಿದ್ಯಾಲಯದಿಂದ ಬಂದದ್ದು, ಎರಡನೆಯದು ಅಡುಗೆಮನೆಯ ಸಮೃದ್ಧಿಯಿಂದ, ಮೂರನೆಯದು ಇಟ್ಟಿಗೆಯ ಗೋಡೆ ಮತ್ತು ಹೆಂಚುಗಳ ಬಣ್ಣದಿಂದ. ವಿಶ್ವವಿದ್ಯಾಲಯದ ಆರಂಭವನ್ನು ಸಂಪ್ರದಾಯದಂತೆ 1088 ಎಂದು ಹೇಳುವರು. ಇಂದು ಸುತ್ತಲಿನ ಊರುಗಳಲ್ಲಿರುವ ಅದರ ಶಾಖೆಗಳೂ ಸೇರಿ 80 ಸಾವಿರಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದಾರೆ.

ಆ ಮೊದಲ ದಿನಗಳಲ್ಲಿ ವಿಶ್ವವಿದ್ಯಾಲಯಕ್ಕೆ ಕಟ್ಟಡವೇ ಇರಲಿಲ್ಲ. ದೂರದೇಶಗಳಿಂದ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನವರೊಡನೆ ಸಂಘ ಕಟ್ಟಿಕೊಂಡು, ಗುರುಗಳನ್ನು ತಾವೇ ಆರಿಸಿ, ಕಾಣಿಕೆಯನ್ನು ತಾವೇ ತೆರುತ್ತಿದ್ದರು. ಪಾಠಕ್ಕೆ ತಡವಾಗಿ ಬಂದ ಗುರುವಿಗೆ ದಂಡವೂ ಬೀಳುತ್ತಿತ್ತು! ಹೀಗೆ ಬಂದವರು ತಂಗುವುದೆಲ್ಲಿ? ಜನಸಂಖ್ಯೆ ಹೆಚ್ಚಿದಂತೆ ಮನೆಯೊಡೆಯರು ಮೇಲಿನ ಅಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿ, ಮರದ ಕಂಬಗಳ ಆಸರೆಯಲ್ಲಿ ಕೋಣೆಗಳನ್ನು ಕಟ್ಟತೊಡಗಿದರು. ಕೋಣೆಯ ಕೆಳಗೆ ನೆರಳಿನ ಹಾದಿಯೊಂದು ತಾನಾಗಿ ಉಂಟಾಯಿತು. 1288ರ ನಗರ ಶಾಸನವು ಹೊಸ ಮನೆಗಳಿಗೆಲ್ಲ ಇಂಥ ಮೊಗಸಾಲೆ ಇರಲೇಬೇಕೆಂದು ವಿಧಿಸಿತು. ಕುದುರೆ ಸವಾರನು ತಲೆ ತಗುಲದೆ ಹೋಗುವಂತೆ ಅದರ ಎತ್ತರವನ್ನೂ ಗೊತ್ತುಪಡಿಸಿತು. ನೆಲ ಮನೆಯವನದು, ದುರಸ್ತಿಯ ಖರ್ಚೂ ಅವನದೇ. ನಡೆಯುವ ಹಕ್ಕು ಮಾತ್ರ ಸರ್ವರದು. ಈ ಏರ್ಪಾಡು ಇಂದಿಗೂ ಉಳಿದಿದೆ. ಊರಿನಲ್ಲಿ ಒಟ್ಟು 62 ಕಿಲೋಮೀಟರಿನಷ್ಟು ಮೊಗಸಾಲೆಗಳಿದ್ದು, 2021ರಲ್ಲಿ ಯುನೆಸ್ಕೊ ಅವುಗಳಿಗೆ ವಿಶ್ವಪರಂಪರೆಯ ಮನ್ನಣೆ ನೀಡಿತು. ಗುಡ್ಡದ ಮೇಲಿನ ಸಾನ್ ಲೂಕಾ ದೇವಾಲಯಕ್ಕೆ ಹೋಗುವ ಹಾದಿಯೊಂದರಲ್ಲೇ 666 ಕಮಾನುಗಳಿವೆ.

ಸಂಜೆಯಾದೊಡನೆ ವಿದ್ಯಾರ್ಥಿ ಜೀವನವು ಕೋಣೆಯಿಂದ ಇಳಿದು ಈ ಕಮಾನುಗಳ ಕೆಳಗೆ ಬರುತ್ತದೆ. ಜಂಬೋನಿ ಬೀದಿಯ ಗ್ರಂಥಾಲಯಗಳಿಂದ ಹೊರಬಿದ್ದವರು ಸಂಗೀತ ನಾಟಕಶಾಲೆಯ ಮುಂದಿನ ವೆರ್ದಿ ಚೌಕದಲ್ಲಿ ಕಲ್ಲುಹಾಸಿನ ಮೇಲೆಯೇ ಗುಂಪುಗುಂಪಾಗಿ ಕುಳಿತುಬಿಡುವರು. ಆರು ಗಂಟೆಯಿಂದಾಚೆಗೆ ‘ಆಪೆರಿತೀವೊ’ ಎಂಬ ವಾಡಿಕೆ: ಒಂದು ಲೋಟ ಪಾನೀಯ, ಅದರೊಡನೆ ಆಲಿವ್, ಕುರುಕಲು ತಿಂಡಿ. ಲೋಟದಲ್ಲಿರುವುದು ಹೆಚ್ಚಾಗಿ ದ್ರಾಕ್ಷಾರಸದ ಮದ್ಯವೇ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ‘ಅನಾಲ್ಕೋಲಿಕೊ’ ಎಂದು ಕೇಳಿದರೆ ಮದ್ಯವಿಲ್ಲದ ಪಾನೀಯವೂ ದೊರೆಯುತ್ತದೆ. ಅಲ್ಲಿ ಮುಖ್ಯವಾದದ್ದು ಕುಡಿತಕ್ಕಿಂತ ಮಾತು. ಒಂದೇ ಲೋಟದ ಮುಂದೆ ಎರಡು ಗಂಟೆ ಹರಟಬಹುದು. ಕಾಫಿಯನ್ನಂತೂ ಕಟ್ಟೆಯ ಬಳಿ ನಿಂತೇ ಕುಡಿಯುವುದು ಜಾಣತನ, ಕುಳಿತರೆ ಅನೇಕ ಕಡೆ ಬೆಲೆ ಏರುತ್ತದೆ.

ಸಸ್ಯಾಹಾರಿ ಮನೆಗಳಿಂದ ಹೋಗುವ ಮಕ್ಕಳಿಗೆ ನಿಜವಾದ ಎಚ್ಚರ ಬೇಕಾದದ್ದು ತಟ್ಟೆಯ ವಿಷಯದಲ್ಲಿ. ಬೊಲೊನ್ಯಾದ ಹೆಸರಾಂತ ರಾಗೂ ಸಾರು ಮಾಂಸದ್ದು, ತೊರ್ತೆಲ್ಲೀನಿಯ ಹೂರಣವೂ ಮಾಂಸವೇ. ನೋಡಲು ನಮ್ಮ ಚಪಾತಿಯಂತಿರುವ ‘ಪ್ಯಾದೀನಾ’ ರೊಟ್ಟಿಯ ಹಿಟ್ಟಿನಲ್ಲಿ ಹಲವೆಡೆ ಹಂದಿಯ ಕೊಬ್ಬು ಬೆರೆತಿರುತ್ತದೆ. ಅದಕ್ಕೆ ‘ಸ್ಟ್ರುತ್ತೊ’ ಎಂದು ಹೆಸರು. ಆಲಿವ್ ಎಣ್ಣೆಯಲ್ಲಿ ನಾದಿದ ರೊಟ್ಟಿಯೂ ಸಿಗುತ್ತದೆ, ಕೇಳಿ ಕೊಳ್ಳಬೇಕು. ಪಾರ್ಮಿಜಾನೊ ಗಿಣ್ಣಕ್ಕೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಟೊಮೆಟೊ ಸಾರಿನ ಪಾಸ್ತಾ, ಬೇಳೆ ಕಾಳು, ತರಕಾರಿ ಧಾರಾಳವಾಗಿರುವುದರಿಂದ ಉಪವಾಸ ಬೀಳುವ ಭಯವಿಲ್ಲ.

ಇಲ್ಲಿಯ ಪರೀಕ್ಷೆಗಳಲ್ಲಿ ಅನೇಕವು ಇಂದಿಗೂ ಮೌಖಿಕ. ಅಧ್ಯಾಪಕರ ಎದುರು ಕುಳಿತು ಉತ್ತರಿಸಬೇಕು, ಸಹಪಾಠಿಗಳು ಹಿಂದೆ ಕುಳಿತು ಕೇಳಬಹುದು. ಮೂವತ್ತಕ್ಕೆ ಹದಿನೆಂಟು ಬಂದರೆ ತೇರ್ಗಡೆ. ಬಂದ ಅಂಕ ಒಪ್ಪಿಗೆಯಾಗದಿದ್ದರೆ ಅದನ್ನು ನಿರಾಕರಿಸಿ ಮತ್ತೆ ಪರೀಕ್ಷೆಗೆ ಕೂರುವ ರೂಢಿಯೂ ಉಂಟು. ಬೀದಿಯ ಹರಟೆಯೂ ಇದಕ್ಕೆ ಒಂದು ಬಗೆಯ ಸಾಧನೆಯೇ ಎಂದು ನನಗೆ ತೋರುತ್ತದೆ; ಬಾಯಿ ಸೋತವನಿಗೆ ಅಲ್ಲಿ ಪದವಿ ಸುಲಭವಲ್ಲ.

ಬೊಲೊನ್ಯಾವನ್ನು ತೊರೆದ ಗುರುಶಿಷ್ಯರಿಂದಲೇ 1222ರಲ್ಲಿ ಪಾದೋವಾ ವಿಶ್ವವಿದ್ಯಾಲಯ ಹುಟ್ಟಿತು. ಗೆಲಿಲಿಯೋ 1592ರಿಂದ 18 ವರ್ಷ ಅಲ್ಲಿ ಪಾಠ ಹೇಳಿದ. 1678ರಲ್ಲಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬ ವಿದುಷಿ ತತ್ತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದದ್ದೂ ಅಲ್ಲಿಯೇ. ಆಕೆ ಬಯಸಿದ್ದು ಧರ್ಮಶಾಸ್ತ್ರದ ಪದವಿಯನ್ನು. ಹೆಣ್ಣೆಂಬ ಕಾರಣಕ್ಕೆ ಬಿಷಪ್ಪರು ಒಪ್ಪಲಿಲ್ಲ. ಇಂದು ಪದವಿಯ ದಿನ ಹುಡುಗ ಹುಡುಗಿಯರೆಲ್ಲ ಲಾರೆಲ್ ಎಲೆಯ ಹಸಿರು ಮಾಲೆಯನ್ನು ತಲೆಗೆ ಧರಿಸಿ ಬೀದಿಗೆ ಬರುತ್ತಾರೆ. ಗೆಳೆಯರು ಅವರ ಹುಡುಗಾಟಗಳನ್ನೆಲ್ಲ ಪದ್ಯದಲ್ಲಿ ಬರೆದು, ವ್ಯಂಗ್ಯಚಿತ್ರ ಬಿಡಿಸಿ ಗೋಡೆಗೆ ಅಂಟಿಸುವರು. ಪದವೀಧರರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಲೇಬೇಕು. ಪದ್ಯಗಳು ತಾಯ್ತಂದೆಗಳ ಮುಂದೆ ಓದುವಂಥವಲ್ಲ, ಆದರೂ ತಾಯ್ತಂದೆಗಳೇ ಮುಂದೆ ನಿಂತು ನಗುತ್ತಿರುತ್ತಾರೆ! 1831ರಲ್ಲಿ ತೆರೆದ ಅಲ್ಲಿನ ಪೆದ್ರೊಕ್ಕಿ ಕಾಫಿಮನೆಯ ಹಸಿರು ಕೋಣೆಯಲ್ಲಿ ಏನನ್ನೂ ಕೊಳ್ಳದೆ ಕುಳಿತು ಓದಬಹುದೆಂಬ ಹಳೆಯ ಸಂಪ್ರದಾಯವುಂಟು. ಬಡ ವಿದ್ಯಾರ್ಥಿಗೆ ಚಳಿಗಾಲದಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. 1848ರ ಫೆಬ್ರವರಿ 8ರಂದು ಆಸ್ಟ್ರಿಯದ ಸೈನಿಕರ ವಿರುದ್ಧ ವಿದ್ಯಾರ್ಥಿಗಳು ಎದ್ದಾಗ ಹಾರಿದ ಗುಂಡಿನ ಗುರುತು ಇನ್ನೊಂದು ಕೋಣೆಯ ಗೋಡೆಯಲ್ಲಿ ಈಗಲೂ ಇದೆ.

ಸಂಜೆಯ ಈ ಸಡಗರಕ್ಕೆ ಇನ್ನೊಂದು ಮುಖವೂ ಇದೆ. ಕಮಾನಿನ ಕೆಳಗಿನ ಮಾತು ನಡುರಾತ್ರಿಯವರೆಗೂ ಮೇಲಿನ ಕಿಟಕಿಗಳಿಗೆ ಕೇಳುತ್ತದೆ. ವೆರ್ದಿ ಚೌಕದ ನಿವಾಸಿಗಳಿಗೂ ವಿದ್ಯಾರ್ಥಿಗಳಿಗೂ ನಿದ್ರೆಯ ಬಗೆಗಿನ ವ್ಯಾಜ್ಯ ಹಳೆಯದು. ಇದಕ್ಕಿಂತ ಕಠಿಣವಾದದ್ದು ಕೋಣೆಯ ಬವಣೆ. ಯಾವ ಕೋಣೆಗಳಿಗಾಗಿ ಮೊಗಸಾಲೆಗಳು ಬೆಳೆದವೋ ಆ ಕೋಣೆಗಳಲ್ಲಿ ಅನೇಕವು ಈಗ ಪ್ರವಾಸಿಗರಿಗೆ ದಿನಬಾಡಿಗೆಗೆ ಹೋಗುತ್ತಿವೆ. 2023ರ ಮೇ ತಿಂಗಳಲ್ಲಿ ಮಿಲಾನಿನ ತಾಂತ್ರಿಕ ವಿಶ್ವವಿದ್ಯಾಲಯದ ಮುಂದೆ ವಿದ್ಯಾರ್ಥಿನಿಯೊಬ್ಬಳು ಬಾಡಿಗೆಯ ಏರಿಕೆಯನ್ನು ಪ್ರತಿಭಟಿಸಿ ಡೇರೆ ಹಾಕಿ ಮಲಗಿದಳು. ಕೆಲವೇ ದಿನಗಳಲ್ಲಿ ದೇಶದ ಹಲವು ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಡೇರೆಗಳೆದ್ದವು. ಶಕ್ತಿಯುಳ್ಳ, ಅರ್ಹ ವಿದ್ಯಾರ್ಥಿಗೆ ಹಣವಿಲ್ಲದಿದ್ದರೂ ಅತ್ಯುನ್ನತ ಶಿಕ್ಷಣ ಪಡೆಯುವ ಹಕ್ಕಿದೆ ಎಂದು ಆ ದೇಶದ ಸಂವಿಧಾನದ 34ನೆಯ ವಿಧಿ ಸಾರುತ್ತದೆ. ಅದರಂತೆ ಕುಟುಂಬದ ಆದಾಯ ನೋಡಿ ಪ್ರಾಂತ್ಯಗಳು ಕೊಡುವ ವಿದ್ಯಾರ್ಥಿವೇತನಕ್ಕೆ ಹೊರದೇಶದವರೂ ಅರ್ಜಿ ಹಾಕಬಹುದು. ಅರ್ಹತೆ ಸಿಕ್ಕರೂ ವಿದ್ಯಾರ್ಥಿನಿಲಯದ ಹಾಸಿಗೆ ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳುಹಿಸುವ ಮನೆಯವರು ಪ್ರವೇಶಪತ್ರ ಬಂದ ದಿನವೇ ಕೋಣೆಯ ಹುಡುಕಾಟವನ್ನೂ ಆರಂಭಿಸಬೇಕು. ಬರವಣಿಗೆಯ ಕರಾರು ಕೈಗೆ ಬಾರದೆ ಯಾರಿಗೂ ಮುಂಗಡ ಕಳುಹಿಸಬಾರದು.